ಒಂದು ಏಟಿಗೆ ಒಂದು ಸತ್ಯವೇ?

ಭಾಷೆ ಕಲಿಸುವ ನಮ್ಮಂಥವರಿಗೆ ಒಂದು ಚಟವಿರುತ್ತದೆ. ಯಾರಾದರೂ ಮಾತನಾಡುತ್ತಿದ್ದರೆ ವಿಷಯಕ್ಕಿಂತ ಮೊದಲು ಪದಗಳ ಕಡೆಗೆ ನಮ್ಮ ಕಿವಿ ಹೋಗುತ್ತದೆ. ‘ಬಾಯಿ ಬಿಡಿಸು’, ‘ಬುದ್ಧಿ ಕಲಿಸು’, ‘ಲಾಠಿ ರುಚಿ ತೋರಿಸು’, ‘ಏರೋಪ್ಲೇನ್ ಹತ್ತಿಸು’ – ಇವೆಲ್ಲ ಕನ್ನಡದಲ್ಲಿ ನಾವು ದಿನವೂ ಕೇಳುವ ಮಾತುಗಳು. ಬುದ್ಧಿ, ರುಚಿ, ವಿಮಾನ! ಬಿಡಿಬಿಡಿಯಾಗಿ ನೋಡಿದರೆ ಎಷ್ಟು ಒಳ್ಳೆಯ ಪದಗಳು! ಆದರೆ ಇವೆಲ್ಲವೂ ಹೇಳುವುದು ಒಂದೇ ಸಂಗತಿಯನ್ನು: ತಿರುಗಿ ಹೊಡೆಯಲಾಗದ ಸ್ಥಿತಿಯಲ್ಲಿರುವ ಮನುಷ್ಯನಿಗೆ ಹೊಡೆಯುವುದು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಹಗ್ಗದಿಂದ ಮೇಲಕ್ಕೆಳೆದು ತೂಗುಹಾಕುವುದಕ್ಕೆ ‘ಏರೋಪ್ಲೇನ್’ ಎನ್ನುತ್ತಾರೆ ಎಂಬುದು ಆ ಪದವನ್ನು ನಗುನಗುತ್ತಾ ಬಳಸುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತಿದೆ?

ಕೊಲ್ಲಿ ನಾಡಿನಲ್ಲಿ ಹುಟ್ಟಿ ಬೆಳೆಯುತ್ತಿರುವ ಈ ಮಕ್ಕಳು ಊರಿನ ಪೊಲೀಸ್ ಠಾಣೆಯ ಮೆಟ್ಟಿಲನ್ನೂ ಕಂಡವರಲ್ಲ. ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ಮನೆ, ಮದುವೆ ಮನೆ, ದೇವಸ್ಥಾನ ಸುತ್ತಿ ಬರುತ್ತಾರೆ ಅಷ್ಟೆ. ಆದರೂ ಠಾಣೆಯೊಳಗೆ ಏನು ನಡೆಯುತ್ತದೆ, ಕಳ್ಳನನ್ನು ಹೇಗೆ ಮಾತನಾಡಿಸಬೇಕು ಎಂದು ಕೇಳಿ ನೋಡಿ, ಎಲ್ಲರ ಬಳಿಯೂ ಉತ್ತರವಿದೆ. ಆ ಉತ್ತರ ಬಂದಿರುವುದು ನಮ್ಮೆಲ್ಲರ ಮನೆಯ ನಡುಕೋಣೆಯಿಂದ, ಹಿಂದೆ ‘ಮೂರ್ಖರ ಪೆಟ್ಟಿಗೆ’ ಎಂದು ಕರೆಯುತ್ತಿದ್ದ ಟಿ.ವಿ.ಯಿಂದ. ಈಗ ಅದೇ ಪೆಟ್ಟಿಗೆ ಚಿಕ್ಕದಾಗಿ ಎಲ್ಲರ ಅಂಗೈಗೂ ಬಂದು ಕುಳಿತಿದೆ.

ನಮ್ಮ ಮಾತು ಟಿ.ವಿ.ಯನ್ನು ಬೈಯುವುದಕ್ಕಲ್ಲ. ನಾವೂ ನೋಡುತ್ತೇವೆ, ಇಷ್ಟಪಟ್ಟೇ ನೋಡುತ್ತೇವೆ. ಊರಲ್ಲಿ ಹೈಸ್ಕೂಲು ಓದುವ ಕಾಲದಲ್ಲಿ ನಮ್ಮ ಮನೆಯಲ್ಲಿ ‘ಸಿಐಡಿ’ ಬರುವ ಹೊತ್ತಿಗೆ ಊಟದ ತಟ್ಟೆಗಳೆಲ್ಲ ಟಿ.ವಿ. ಮುಂದೆ ಸಾಲಾಗಿ ಕೂರುತ್ತಿದ್ದವು. ಕಳೆದ ವರ್ಷ ವಿಸಿಟ್ ವೀಸಾದಲ್ಲಿ ಬಂದಿದ್ದ ನಮ್ಮ ಅತ್ತೆಯವರಿಗೆ ಹಿಂದಿ ಅಷ್ಟಾಗಿ ಬಾರದಿದ್ದರೂ ಅದರ ಹಳೆಯ ಕಂತುಗಳೆಂದರೆ ಪ್ರಾಣ. “ನೋಡ್ತಾ ಇರಮ್ಮ, ಈಗ ಒಂದು ಬಿಡ್ತಾನೆ, ಎಲ್ಲಾ ಕಕ್ಕಿಬಿಡ್ತಾನೆ” ಎಂದು ಮುಂಚಿತವಾಗಿಯೇ ಹೇಳಿಬಿಡುತ್ತಿದ್ದರು. ಅವರು ಹೇಳಿದಂತೆಯೇ ಆಗುತ್ತಿತ್ತು. 1998ರಲ್ಲಿ ಆರಂಭವಾಗಿ 2018ರವರೆಗೆ ಇಪ್ಪತ್ತು ವರ್ಷ ನಡೆದು, 2024ರ ಕೊನೆಯಲ್ಲಿ ಮತ್ತೆ ಮರಳಿದ ಈ ಧಾರಾವಾಹಿಯ ಸಾವಿರದ ಐನೂರಕ್ಕೂ ಹೆಚ್ಚು ಕಂತುಗಳಲ್ಲಿ ಅದೆಷ್ಟು ಬಾರಿ ಹಾಗೆ ಆಗಿದೆಯೋ! ದಯಾ ಬಾಗಿಲು ಒಡೆಯುತ್ತಾನೆ, ಸಿಕ್ಕವನು “ನಾನಲ್ಲ” ಎನ್ನುತ್ತಾನೆ, ಕೆನ್ನೆಗೆ ಒಂದು ಏಟು ಬೀಳುತ್ತದೆ, ಸತ್ಯ ಹೊರಗೆ ಬರುತ್ತದೆ. ಒಂದು ಏಟಿಗೆ ಒಂದು ಸತ್ಯ. ಅಲ್ಲಿಗೆ ಕಥೆ ಮುಗಿಯಿತು, ನಾವು ಕೈ ತೊಳೆದು ಮಲಗಲು ಹೋದೆವು.

ಇದರಲ್ಲಿ ತಪ್ಪೇನು, ಕಥೆ ತಾನೇ ಎಂದು ತಾವು ಕೇಳಬಹುದು. ಕಥೆ ಕಥೆಯಾಗಿಯೇ ಉಳಿದಿದ್ದರೆ ಈ ಲೇಖನದ ಅಗತ್ಯವೇ ಇರಲಿಲ್ಲ. ಕೆಲವು ತಿಂಗಳ ಹಿಂದೆ ನಮ್ಮ ಏಳನೆಯ ತರಗತಿಯಲ್ಲಿ ನಡೆದ ಒಂದು ಸಣ್ಣ ಘಟನೆಯನ್ನು ಹೇಳಬೇಕು. ಒಬ್ಬ ಹುಡುಗನ ಹೊಸ ಕೈಗಡಿಯಾರ ಕಾಣೆಯಾಯಿತು. ಮಧ್ಯಾಹ್ನದ ಬಿಡುವಿನಲ್ಲಿ ಐದಾರು ಮಕ್ಕಳು ಸೇರಿ ತಾವೇ ‘ತನಿಖಾ ತಂಡ’ ಕಟ್ಟಿಕೊಂಡರು. ಅವನ ಪಕ್ಕದ ಬೆಂಚಿನಲ್ಲಿ ಕೂರುವ ಹುಡುಗನನ್ನು ವೇದಿಕೆಯ ಹಿಂದಿನ ಮೂಲೆಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದರು. ಒಬ್ಬ ಪ್ರಶ್ನೆ ಕೇಳಿದ, ಇನ್ನೊಬ್ಬ ತೋಳು ತಿರುಚಿದ, ಮತ್ತೊಬ್ಬ ಹತ್ತರಿಂದ ಹಿಂದಕ್ಕೆ ಎಣಿಸತೊಡಗಿದ. ಆಮೇಲೆ ಎಲ್ಲರೂ ಸ್ಟಾಫ್ ರೂಮಿಗೆ ಓಡಿಬಂದರು. ಮುಖದಲ್ಲಿ ಗೆದ್ದ ಸಂಭ್ರಮ: “ಮಿಸ್, ಒಪ್ಕೊಂಡ!”

ಒಪ್ಪಿಕೊಂಡವನನ್ನು ಹತ್ತಿರ ಕೂರಿಸಿಕೊಂಡು ಗಡಿಯಾರ ಎಲ್ಲಿದೆ ಎಂದು ಕೇಳಿದೆವು. ಮೊದಲು ಬ್ಯಾಗಿನಲ್ಲಿದೆ ಎಂದ, ಆಮೇಲೆ ಬಾತ್‌ರೂಮಿನಲ್ಲಿ ಬಿಟ್ಟೆ ಎಂದ, ಕೊನೆಗೆ ಹೊರಗೆ ಎಸೆದೆ ಎಂದ. ಮೂರು ಕಡೆಯೂ ಅದು ಇರಲಿಲ್ಲ. ಸಂಜೆ ಬಸ್ಸಿನ ಆಯಾ ಗಡಿಯಾರ ತಂದುಕೊಟ್ಟರು. ಕಳೆದುಕೊಂಡ ಹುಡುಗ ಬೆಳಿಗ್ಗೆ ಕುಳಿತಿದ್ದ ಸೀಟಿನ ಕೆಳಗೇ ಅದು ಬಿದ್ದಿತ್ತು. ‘ಕಳ್ಳ’ನಾದವನು ಆ ಬಸ್ಸಿನಲ್ಲಿ ಬರುವವನೇ ಅಲ್ಲ. ಮತ್ತೇಕೆ ಒಪ್ಪಿಕೊಂಡೆಯಪ್ಪ ಎಂದರೆ, “ಹೌದು ಅಂದ್ರೆ ಬಿಟ್ಬಿಡ್ತಾರೆ ಅಂದ್ಕೊಂಡೆ ಮಿಸ್” ಎಂದ.

ತೋಳು ತಿರುಚಿದವರು ತುಂಟರಾಗಿದ್ದರೆ ನಮಗೆ ಅಷ್ಟು ಯೋಚನೆಯಾಗುತ್ತಿರಲಿಲ್ಲ. ಅವರು ಹೋಂವರ್ಕ್ ತಪ್ಪದೆ ಮಾಡುವ, ಬಿದ್ದವರನ್ನು ಎತ್ತುವ ಒಳ್ಳೆಯ ಮಕ್ಕಳು. ತಾವು ಕೆಟ್ಟದ್ದು ಮಾಡುತ್ತಿದ್ದೇವೆ ಎಂದು ಅವರಿಗೆ ಅನಿಸಿರಲಿಲ್ಲ, ನ್ಯಾಯ ದೊರಕಿಸುತ್ತಿದ್ದೇವೆ ಎಂದೇ ನಂಬಿದ್ದರು. “ಆದ್ರೆ ಮಿಸ್, ಅವನ ಮುಖ ಕಳ್ಳನ ಥರಾನೇ ಇತ್ತು, ಬೆವರ್ತಾ ಇದ್ದ” ಎಂದು ಒಬ್ಬ ವಾದಿಸಿದ. ಈ ದೇಶದ ಸೆಪ್ಟೆಂಬರ್ ಮಧ್ಯಾಹ್ನದಲ್ಲಿ ಬೆವರದವರು ಯಾರಪ್ಪ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆಯನ್ನು ನಾವೇ ಕಲಿಸಿದ್ದೇವೆ. ಆದರೆ ಭಯಪಟ್ಟವನೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ಆ ಐದಾರು ಮಕ್ಕಳು ಮರುದಿನವೇ ಕ್ಷಮೆ ಕೇಳಿದರು. ಹುಡುಗ ಮಾತ್ರ ಎರಡು ವಾರ ತನ್ನ ಟಿಫಿನ್ ಡಬ್ಬಿಯನ್ನು ಯಾರ ಜೊತೆಗೂ ತೆರೆಯಲಿಲ್ಲ.

ಮಕ್ಕಳು ಇದನ್ನು ಎಲ್ಲಿಂದ ಕಲಿತರು ಎಂಬ ಪ್ರಶ್ನೆಗಿಂತ ಏನನ್ನು ಕಲಿತರು ಎಂಬ ಪ್ರಶ್ನೆ ಮುಖ್ಯ. ಹಿಂಸೆಯನ್ನು ಕಲಿತರು ಎನ್ನುವುದು ಸುಲಭ. ನಮಗನಿಸುವಂತೆ ಅವರು ಕಲಿತದ್ದು ಅದಕ್ಕಿಂತ ಅಪಾಯಕಾರಿಯಾದ ಒಂದು ನಂಬಿಕೆಯನ್ನು: ‘ತಪ್ಪಿತಸ್ಥ ಯಾರೆಂದು ನಮಗೆ ಆಗಲೇ ಗೊತ್ತಿದೆ, ಬಾಯಿ ಬಿಡಿಸುವುದೊಂದೇ ಬಾಕಿ.’ ಧಾರಾವಾಹಿಯಲ್ಲಿ ಇದು ನಿಜ. ಅಲ್ಲಿ ಕ್ಯಾಮೆರಾ ನಮಗೆ ಮೊದಲೇ ಕಿವಿಯಲ್ಲಿ ಹೇಳಿರುತ್ತದೆ. ಹಿನ್ನೆಲೆ ಸಂಗೀತ ಬದಲಾಗುತ್ತದೆ, ಆ ಮನುಷ್ಯನ ಕಣ್ಣು ಅತ್ತಿತ್ತ ಓಡುತ್ತದೆ. ಏಟು ಬಿದ್ದ ತಕ್ಷಣ ಫ್ಲ್ಯಾಶ್‌ಬ್ಯಾಕ್ ಶುರುವಾಗಿ, ಕೊಲೆ ನಡೆದದ್ದು ಹೇಗೆಂದು ಕಣ್ಣಾರೆ ತೋರಿಸಲಾಗುತ್ತದೆ. ಆದ್ದರಿಂದ ಆ ಏಟು ಯಾವತ್ತೂ ತಪ್ಪು ಕೆನ್ನೆಗೆ ಬೀಳುವುದಿಲ್ಲ. ನಿಜಜೀವನದ ಯಾವ ಪೊಲೀಸನಿಗೂ, ಯಾವ ನ್ಯಾಯಾಧೀಶನಿಗೂ, ಯಾವ ಮೇಷ್ಟ್ರಿಗೂ ಫ್ಲ್ಯಾಶ್‌ಬ್ಯಾಕ್ ನೋಡುವ ಸೌಲಭ್ಯವಿಲ್ಲ.

ಈ ವಿಷಯ ಜಗತ್ತಿನ ಗಮನಕ್ಕೆ ಬಂದದ್ದು ಅಮೆರಿಕದ ಒಂದು ಧಾರಾವಾಹಿಯಿಂದ. ಅದರ ಹೆಸರು ‘24’. 2001ರ ನವೆಂಬರ್ 6ರಂದು, ಅಂದರೆ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದ ಎರಡೇ ತಿಂಗಳಿಗೆ, ಫಾಕ್ಸ್ ವಾಹಿನಿಯಲ್ಲಿ ಅದರ ಪ್ರಸಾರ ಶುರುವಾಯಿತು. ಒಂದು ಕಂತು ಎಂದರೆ ಒಂದು ಗಂಟೆ, ಇಪ್ಪತ್ನಾಲ್ಕು ಕಂತು ಎಂದರೆ ಒಂದು ದಿನ. ಪರದೆಯ ಮೇಲೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿರುತ್ತದೆ. ಎಲ್ಲೋ ಬಾಂಬ್ ಇದೆ, ಸಿಕ್ಕವನು ಹೇಳುತ್ತಿಲ್ಲ, ಸಮಯ ಮೀರುತ್ತಿದೆ. ನಾಯಕ ಜ್ಯಾಕ್ ಬಾವರ್ ಹಿಂಸಿಸುತ್ತಾನೆ, ಸಿಕ್ಕವನು ಹೇಳುತ್ತಾನೆ, ನಗರ ಉಳಿಯುತ್ತದೆ. 2010ರವರೆಗೆ ಎಂಟು ಸರಣಿ ನಡೆದು, 2014ರಲ್ಲಿ ಇನ್ನೊಮ್ಮೆ ಬಂತು. ಅಲ್ಲಿನ ಪ್ರೇಕ್ಷಕ ಸಂಘಟನೆಯೊಂದು ಮೊದಲ ಐದು ಸರಣಿಗಳಲ್ಲೇ 67 ಹಿಂಸೆಯ ದೃಶ್ಯಗಳನ್ನು ಎಣಿಸಿತ್ತು. ಎಂಟನೆಯ ಸರಣಿಯಲ್ಲಿ ನಮ್ಮ ಅನಿಲ್ ಕಪೂರ್ ನಟಿಸಿದರು. ಅವರೇ ಮುಂದೆ 2013ರಲ್ಲಿ ಕಲರ್ಸ್ ವಾಹಿನಿಗಾಗಿ ಅದನ್ನು ಹಿಂದಿಗೆ ತಂದರು. ಹೀಗೆ ಆ ಗಡಿಯಾರ ನಮ್ಮ ಮನೆಗಳಲ್ಲೂ ಟಿಕ್ ಟಿಕ್ ಎಂದಿತು.

ಇಲ್ಲಿ ನಮ್ಮನ್ನು ಬಹುವಾಗಿ ಯೋಚನೆಗೆ ಹಚ್ಚಿದ್ದು ಇನ್ನೊಬ್ಬ ಶಿಕ್ಷಕರ ಕಥೆ. ಪ್ಯಾಟ್ರಿಕ್ ಫಿನ್ನೆಗನ್ ಎಂಬುವರು ಅಮೆರಿಕದ ಸೇನಾಧಿಕಾರಿಗಳನ್ನು ತಯಾರು ಮಾಡುವ ವೆಸ್ಟ್ ಪಾಯಿಂಟ್ ಅಕಾಡೆಮಿಯ ಡೀನ್ ಆಗಿದ್ದರು. ಸೆರೆಸಿಕ್ಕವರನ್ನು ಹಿಂಸಿಸುವುದು ಕಾನೂನಿಗೂ ಸೇನೆಯ ಧರ್ಮಕ್ಕೂ ವಿರುದ್ಧ ಎಂದು ಅವರು ಪಾಠ ಮಾಡುತ್ತಿದ್ದರೆ, ವಿದ್ಯಾರ್ಥಿಗಳು ಜ್ಯಾಕ್ ಬಾವರನ ಉದಾಹರಣೆ ಎತ್ತುತ್ತಿದ್ದರಂತೆ. ಅವರ ಪಾಠಕ್ಕಿಂತ ಧಾರಾವಾಹಿಯ ಪಾಠ ಬಲವಾಗಿತ್ತು. 2006ರ ನವೆಂಬರ್‌ನಲ್ಲಿ ಈ ಬ್ರಿಗೇಡಿಯರ್ ಜನರಲ್ ಕೆಲವು ಅನುಭವಿ ವಿಚಾರಣಾಧಿಕಾರಿಗಳನ್ನು ಜೊತೆಗೆ ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಧಾರಾವಾಹಿಯ ನಿರ್ಮಾಪಕರನ್ನೇ ಭೇಟಿಯಾದರು. ಹಿಂಸೆಯಿಂದ ತಪ್ಪು ಮಾಹಿತಿ ಬಂದು ಅನಾಹುತವಾಗುವಂಥ ಕಥೆಯೊಂದನ್ನಾದರೂ ತೋರಿಸಿ ಎಂಬುದು ಅವರ ಕಳಕಳಿಯಾಗಿತ್ತು. ಮರುವರ್ಷ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಜೇನ್ ಮೇಯರ್ ಇದನ್ನು ವಿವರವಾಗಿ ಬರೆದಾಗ ಜಗತ್ತಿಗೆ ತಿಳಿಯಿತು. ಸೇನೆಯ ಒಬ್ಬ ಜನರಲ್ ಟಿ.ವಿ.ಯವರ ಬಾಗಿಲಿಗೆ ಹೋಗಿ ‘ನಮ್ಮ ಹುಡುಗರು ನಿಮ್ಮಿಂದ ಕಲಿಯುತ್ತಿದ್ದಾರೆ’ ಎನ್ನಬೇಕಾದ ಕಾಲ ಬಂತೆಂದರೆ, ನಾವು ಶಿಕ್ಷಕರು ಯಾವ ಲೆಕ್ಕ?

ಹುಡುಗರ ಮಾತಿರಲಿ. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಆಂಟೋನಿನ್ ಸ್ಕಾಲಿಯಾ ಅವರೇ 2007ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ಕಾನೂನು ಸಮ್ಮೇಳನದಲ್ಲಿ, ಲಾಸ್ ಏಂಜಲೀಸ್ ನಗರವನ್ನು ಉಳಿಸಿದ ಜ್ಯಾಕ್ ಬಾವರನನ್ನು ಯಾವ ಜ್ಯೂರಿ ಶಿಕ್ಷಿಸೀತು ಎಂಬರ್ಥದ ಪ್ರಶ್ನೆ ಕೇಳಿದರು. ಆದರೆ ಆ ನಗರವನ್ನು ಉಳಿಸಿದ್ದು ಕಥೆ ಬರೆದವರ ಲೇಖನಿಯಲ್ಲವೇ! ಕಾನೂನನ್ನು ಅರೆದು ಕುಡಿದವರೂ ಕಟ್ಟುಕಥೆಯೊಂದನ್ನು ಪೂರ್ವನಿದರ್ಶನದಂತೆ ಮುಂದಿಟ್ಟರೆಂದರೆ ಪರದೆಯ ಶಕ್ತಿ ಎಷ್ಟೆಂದು ಊಹಿಸಿ.

ಹಾಗಾದರೆ ಕಥೆಯ ಹೊರಗೆ ನಡೆದದ್ದೇನು? ಅಮೆರಿಕದ ಸೆನೆಟ್ಟಿನ ಗುಪ್ತಚರ ಸಮಿತಿ 2014ರ ಡಿಸೆಂಬರ್‌ನಲ್ಲಿ ತನ್ನ ವರದಿಯ ಸಾರಾಂಶವನ್ನು ಹೊರತಂದಿತು. ಸಿಐಎ ಸಂಸ್ಥೆಯ ರಹಸ್ಯ ಸೆರೆಮನೆಗಳಲ್ಲಿದ್ದ 119 ಜನರ ಪೈಕಿ ಕನಿಷ್ಠ 26 ಮಂದಿಯನ್ನು ಹಿಡಿದಿಡಬೇಕಾದ ಕಾರಣವೇ ಇರಲಿಲ್ಲ ಎಂದು ಅದು ಹೇಳಿತು. ನೀರು ಸುರಿದು ಉಸಿರುಗಟ್ಟಿಸುವುದು, ದಿನಗಟ್ಟಲೆ ನಿದ್ದೆಗೆಡಿಸುವುದು ಮುಂತಾದ ಕ್ರಮಗಳು ಮಾಹಿತಿ ಪಡೆಯಲು ಫಲಕಾರಿಯಾಗಿರಲಿಲ್ಲ ಎಂಬುದು ಅದರ ತೀರ್ಮಾನ. ಸಿಐಎ ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಆ ಕ್ರಮಗಳಿಗೆ ಅವರು ಇಟ್ಟಿದ್ದ ಹೆಸರು ‘ವರ್ಧಿತ ವಿಚಾರಣಾ ವಿಧಾನಗಳು’ ಎಂಬರ್ಥದ್ದು. ನಮ್ಮ ‘ಏರೋಪ್ಲೇನ್’ ಹಾಗೆಯೇ ಇದೂ ಒಂದು ಚಂದದ ಪದ.

ಇಷ್ಟು ಹೇಳಿದಾಗ ಪೋಷಕರೊಬ್ಬರು ನಮ್ಮನ್ನು ನೇರವಾಗಿ ಕೇಳಿದ್ದುಂಟು: “ಅಲ್ಲ ಮೇಡಂ, ನಿಮ್ಮದೇ ಮಗುವನ್ನು ಯಾರಾದರೂ ಹೊತ್ತುಕೊಂಡು ಹೋದರೆ ಆಗಲೂ ಇದೇ ಮಾತು ಹೇಳ್ತೀರಾ?” ನ್ಯಾಯವಾದ ಪ್ರಶ್ನೆ. ಇದಕ್ಕೆ ಕಟ್ಟುಕಥೆಯಿಂದ ಉತ್ತರಿಸುವ ಬದಲು ನಡೆದದ್ದನ್ನೇ ನೋಡೋಣ. 2002ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ 11 ವರ್ಷದ ಬಾಲಕನ ಅಪಹರಣವಾಯಿತು. ಹಣ ಪಡೆಯಲು ಬಂದವನು ಸಿಕ್ಕಿಬಿದ್ದ. ಮಗು ಎಲ್ಲಿದೆಯೆಂದು ಹೇಳಲಿಲ್ಲ. ಮಗುವಿನ ಜೀವ ಉಳಿಸುವ ತವಕದಲ್ಲಿ ಅಲ್ಲಿನ ಪೊಲೀಸ್ ಉಪಮುಖ್ಯಸ್ಥರು, ಹೇಳದಿದ್ದರೆ ತೀವ್ರ ನೋವು ಕೊಡಲಾಗುವುದೆಂದು ಅವನನ್ನು ಹೆದರಿಸಲು ಆದೇಶಿಸಿದರು. ಅವನು ಹೇಳಿದ. ಹೇಳಿದ ಜಾಗಕ್ಕೆ ಓಡಿದರೆ ಸಿಕ್ಕಿದ್ದು ಮಗುವಿನ ಶವ. ಅಪಹರಿಸಿದ ದಿನವೇ ಕೊಂದುಬಿಟ್ಟಿದ್ದ.

ಜ್ಯಾಕ್ ಬಾವರನ ಗಡಿಯಾರದ ಕಥೆಗೆ ಇಷ್ಟು ಹತ್ತಿರ ಬರುವ ನಿಜಘಟನೆ ನಮಗೆ ತಿಳಿದಂತೆ ಇನ್ನೊಂದಿಲ್ಲ. ಹಿಡಿದವನು ನಿಜವಾಗಿಯೂ ಅಪರಾಧಿಯಾಗಿದ್ದ, ಹೆದರಿಕೆಗೆ ಬಾಯಿಯನ್ನೂ ಬಿಟ್ಟ. ಆದರೂ ಮಗು ಉಳಿಯಲಿಲ್ಲ. ಮುಂದೆ ಜರ್ಮನಿಯ ನ್ಯಾಯಾಲಯ ಹೆದರಿಸಿ ಪಡೆದ ಆ ಹೇಳಿಕೆಯನ್ನು ಬದಿಗಿಟ್ಟು, ಆತ ವಿಚಾರಣೆಯಲ್ಲಿ ಹೊಸದಾಗಿ ಒಪ್ಪಿಕೊಂಡದ್ದನ್ನು ಮತ್ತು ಉಳಿದ ಸಾಕ್ಷ್ಯಗಳನ್ನು ನೋಡಿ ಜೀವಾವಧಿ ಶಿಕ್ಷೆ ಕೊಟ್ಟಿತು. ಆದೇಶ ಕೊಟ್ಟ ಪೊಲೀಸ್ ಅಧಿಕಾರಿಯನ್ನೂ ತಪ್ಪಿತಸ್ಥರೆಂದು ಹೇಳಿತು, ಅವರ ಸಂಕಟವನ್ನು ಗಮನಿಸಿ ಶಿಕ್ಷೆಯನ್ನು ಮಾತ್ರ ಬಹಳ ಹಗುರಗೊಳಿಸಿತು. 2010ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಆ ಬೆದರಿಕೆ ಅಮಾನವೀಯ ವರ್ತನೆಯೇ ಎಂದಿತು. ತಾಯಿಯಾಗಿ, ತಂದೆಯಾಗಿ ನಮ್ಮ ಹೊಟ್ಟೆ ಉರಿಯುವುದು ಸಹಜ. ಉರಿಯುವ ಹೊಟ್ಟೆಯ ಕೈಗೆ ಲಾಠಿ ಕೊಡಬಾರದೆಂದೇ ಕಾನೂನು ಇರುವುದು.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಹಿಂಸೆಯಿಂದ ಹೇಳಿಕೆ ಪಡೆಯುವುದು ನಮಗೆ ಟಿ.ವಿ. ತಂದ ರೋಗವಲ್ಲ. 1855ರಲ್ಲೇ ಮದ್ರಾಸ್ ಪ್ರಾಂತ್ಯದಲ್ಲಿ ಚಿತ್ರಹಿಂಸೆಯ ದೂರುಗಳ ತನಿಖೆಗೆಂದು ನೇಮಿಸಿದ್ದ ಆಯೋಗವೊಂದು ವರದಿ ಕೊಟ್ಟಿತ್ತು. ಆಗ ನಮ್ಮ ಬಳ್ಳಾರಿಯೂ ಕೆನರಾ ಜಿಲ್ಲೆಯೂ ಅದೇ ಪ್ರಾಂತ್ಯದಲ್ಲಿದ್ದವು. ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ಬೆರಳುಗಳನ್ನು ಮರದ ಇಕ್ಕಳದಲ್ಲಿ ಅದುಮುವುದು, ತಲೆಯನ್ನು ಕಾಲಿನವರೆಗೆ ಬಗ್ಗಿಸಿ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವುದು ನಡೆಯುತ್ತಿದ್ದುದನ್ನು ಅದು ದಾಖಲಿಸಿತು. ಇಂಥ ಅನುಭವಗಳ ಹಿನ್ನೆಲೆಯಲ್ಲೇ, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂಬ ನಿಯಮ ಬಂತು. 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮಿನಲ್ಲಿದ್ದ ಅದು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನಲ್ಲಿ ಹಾಗೆಯೇ ಮುಂದುವರಿದಿದೆ. ಹೇಳಿಕೆಯ ಜಾಡು ಹಿಡಿದು ಯಾವುದಾದರೂ ವಸ್ತು ಪತ್ತೆಯಾದರೆ ಅಷ್ಟರ ಮಟ್ಟಿಗೆ ಮಾತ್ರ ವಿನಾಯಿತಿ. ಅಂದರೆ ನಮ್ಮ ‘ಸಿಐಡಿ’ಯ ಕೊನೆಯ ಐದು ನಿಮಿಷದಲ್ಲಿ ಏಟು ತಿಂದವನು ಉಸುರುವ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಮೂರು ಕಾಸಿನ ಬೆಲೆಯೂ ಇಲ್ಲ! ಸಾವಿರಾರು ಕಂತು ನೋಡಿದವರಲ್ಲಿ ಇದು ಎಷ್ಟು ಜನರಿಗೆ ತಿಳಿದಿದೆ?

ಕರ್ನಾಟಕದ ಹೆಸರಿರುವ ಇನ್ನೊಂದು ತೀರ್ಪನ್ನೂ ನೆನೆಯಬೇಕು. 2000ದ ದಶಕದಲ್ಲಿ ಬೆಂಗಳೂರಿನ ಪ್ರಯೋಗಾಲಯ ನಾರ್ಕೋ ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಮದ್ದು ಚುಚ್ಚಿಸಿಕೊಂಡು ಅರೆನಿದ್ದೆಯಲ್ಲಿ ತೊದಲುವವರ ದೃಶ್ಯಗಳು ಸುದ್ದಿವಾಹಿನಿಗಳಲ್ಲಿ ಪ್ರಸಾರವಾಗಿ, ನ್ಯಾಯಾಲಯಕ್ಕಿಂತ ಮೊದಲೇ ನಡುಮನೆಗಳಲ್ಲಿ ತೀರ್ಪು ಆಗಿಬಿಡುತ್ತಿತ್ತು. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಮಾಡುವಂತಿಲ್ಲ ಎಂದಿತು. ಅದಕ್ಕೂ ಮೊದಲು 1996ರ ಡಿ.ಕೆ. ಬಸು ಪ್ರಕರಣದಲ್ಲಿ ಬಂಧನದ ನಿಯಮಗಳನ್ನು ಅದೇ ನ್ಯಾಯಾಲಯ ಪಟ್ಟಿಮಾಡಿತ್ತು. ಬಂಧಿಸುವವರ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು, ಬಂಧನದ ಪತ್ರ ಬರೆದು ಸಾಕ್ಷಿಯ ಸಹಿ ಹಾಕಿಸಬೇಕು, ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರಿಂದ ತಪಾಸಣೆ ಮಾಡಿಸಬೇಕು. ಯಾವ ಧಾರಾವಾಹಿಯ ನಾಯಕನೂ ಇದನ್ನು ಮಾಡಿದ್ದನ್ನು ನಾವು ಕಂಡಿಲ್ಲ. ಹೀಗೆ ಮಾಡಿದರೆ ಕಥೆ ನಿಧಾನವಾಗುತ್ತದೆ ತಾನೆ!

ಈ ಅವಸರ ನಮ್ಮ ಸಾರ್ವಜನಿಕ ಮನಸ್ಸಿಗೂ ಇಳಿದಿದೆ ಎಂಬುದಕ್ಕೆ 2019 ಸಾಕ್ಷಿ. ಆ ವರ್ಷ ನವೆಂಬರ್‌ನಲ್ಲಿ ಹೈದರಾಬಾದಿನ ಬಳಿ ಯುವ ಪಶುವೈದ್ಯೆಯೊಬ್ಬರ ಮೇಲೆ ಅಮಾನುಷ ಕೃತ್ಯವೆಸಗಿ ಕೊಲ್ಲಲಾಯಿತು. ದೇಶವೇ ಕುದಿಯಿತು, ಕುದಿಯಬೇಕಾದದ್ದೇ. ಡಿಸೆಂಬರ್ 6ರಂದು ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದರು. ಜನ ಸಿಹಿ ಹಂಚಿದರು, ಪೊಲೀಸರ ಮೇಲೆ ಹೂವಿನ ಪಕಳೆ ಸುರಿದರು. ಸಿನಿಮಾದ ಕೊನೆಯ ದೃಶ್ಯದ ಹಾಗೆಯೇ ಇತ್ತು. ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಆತ್ಮರಕ್ಷಣೆಯ ವಾದ ನಂಬುವಂಥದ್ದಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ನಾಲ್ವರಲ್ಲಿ ಮೂವರು ಅಪ್ರಾಪ್ತ ವಯಸ್ಸಿನವರಾಗಿದ್ದರು ಎಂದು ಅದು ಹೇಳಿತು. ಅವರು ಆ ಕೃತ್ಯ ಮಾಡಿದ್ದರೇ, ಯಾರು ಎಷ್ಟು ಮಾಡಿದ್ದರು ಎಂಬುದನ್ನು ಇನ್ನು ಯಾವ ನ್ಯಾಯಾಲಯವೂ ಹೇಳಲಾರದು. ಆ ತಾಯಿತಂದೆಗೆ ಸಲ್ಲಬೇಕಾಗಿದ್ದ ತೀರ್ಪು ಅಂದು ಹೂವಿನ ಅಡಿಯಲ್ಲೇ ಹೂತುಹೋಯಿತು.

ಜನ ಹೂವು ಸುರಿದದ್ದು ಕ್ರೂರಿಗಳಾಗಿ ಅಲ್ಲ, ಬೇಸತ್ತು. ನಮ್ಮ ಕೋರ್ಟುಗಳಲ್ಲಿ ಒಂದು ಪ್ರಕರಣ ಮುಗಿಯುವಷ್ಟರಲ್ಲಿ ಮಗು ಮದುವೆಗೆ ಬರುತ್ತದೆ. ಈ ನೋವು ಸುಳ್ಳಲ್ಲ. ಆದರೆ ಧಾರಾವಾಹಿಗಳು ಈ ನೋವಿಗೆ ಮದ್ದು ಕೊಡುವ ಬದಲು ಅಮಲು ಕೊಡುತ್ತವೆ. ನ್ಯಾಯಾಧೀಶರು ಹೆಚ್ಚಾಗಬೇಕು, ತನಿಖೆ ವೈಜ್ಞಾನಿಕವಾಗಬೇಕು ಎಂದು ಕೇಳಬೇಕಾದ ನಾವು, ಇನ್ನೊಬ್ಬ ಗಟ್ಟಿ ಕೈಯವನು ಬರಲಿ ಎಂದು ಕಾಯುತ್ತೇವೆ. ಭಾರತವು ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ 1997ರಲ್ಲೇ ಸಹಿ ಹಾಕಿದೆ, ಆದರೆ ಅದನ್ನು ಇನ್ನೂ ಅನುಮೋದಿಸಿಲ್ಲ. ಇದರ ಬಗ್ಗೆ ಯಾವ ನಡುಮನೆಯಲ್ಲೂ ಚರ್ಚೆಯಾದದ್ದನ್ನು ನಾವು ಕೇಳಿಲ್ಲ.

ಎಲ್ಲ ಕಥೆಗಳೂ ಒಂದೇ ರೀತಿ ಎಂದರೆ ಅನ್ಯಾಯವಾದೀತು. ‘ಮಾಯಾಮೃಗ’, ‘ಮುಕ್ತ’ದಂಥ ಧಾರಾವಾಹಿಗಳನ್ನು ಕೊಟ್ಟ ಟಿ.ಎನ್. ಸೀತಾರಾಂ ಅವರು ಸ್ವತಃ ಕರಿಕೋಟು ತೊಟ್ಟು ವಕೀಲರಾಗಿ ವಾದಿಸುತ್ತಿದ್ದ ದೃಶ್ಯಗಳನ್ನು ಕರ್ನಾಟಕದ ಮನೆಮನೆಯಲ್ಲೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಅಲ್ಲಿ ಏಟಿಲ್ಲ, ಪ್ರಶ್ನೆಯಿದೆ. ಸಾಕ್ಷಿಯ ಒಂದು ಮಾತನ್ನು ಹಿಡಿದು ಇನ್ನೊಂದು ಮಾತಿಗೆ ತಾಳೆ ನೋಡುವುದೇ ಅಲ್ಲಿನ ರೋಚಕತೆ. ತಮಿಳಿನಲ್ಲಿ ವೆಟ್ರಿಮಾರನ್ ಅವರ ‘ವಿಸಾರಣೈ’ ಬಂತು. ಆಟೋ ಓಡಿಸುತ್ತಿದ್ದ ಎಂ. ಚಂದ್ರಕುಮಾರ್ ತಾವೇ ಅನುಭವಿಸಿದ್ದನ್ನು ಬರೆದ ‘ಲಾಕಪ್’ ಪುಸ್ತಕ ಅದರ ಮೂಲ. 2021ರಲ್ಲಿ ‘ಜೈ ಭೀಮ್’ ಬಂತು. ಇವುಗಳಲ್ಲೂ ಹಿಂಸೆಯ ದೃಶ್ಯಗಳಿವೆ, ಆದರೆ ಕ್ಯಾಮೆರಾ ನಿಂತಿರುವುದು ಹೊಡೆಯುವವನ ಹಿಂದಲ್ಲ, ಹೊಡೆಸಿಕೊಳ್ಳುವವನ ಪಕ್ಕದಲ್ಲಿ.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ರಾಘವಾಂಕನಿದ್ದಾನೆ. ‘ಹರಿಶ್ಚಂದ್ರಕಾವ್ಯ’ದ ಕಥೆ ಯಾರಿಗೆ ಗೊತ್ತಿಲ್ಲ? ಕಾಶಿಯ ಅರಸನ ಮಗನ ಕೊಲೆಯಾಗಿದೆ. ಶವದ ಬಳಿ ಸಿಕ್ಕವಳು ಚಂದ್ರಮತಿ. ಸಿಕ್ಕವಳೇ ಕೊಲೆಗಾತಿ ಎಂದು ಅರಸ ತಲೆ ಕಡಿಯಲು ಅಪ್ಪಣೆ ಕೊಡುತ್ತಾನೆ. ಕತ್ತಿ ಎತ್ತಬೇಕಾದವನು ಸ್ವತಃ ಗಂಡ! ಈ ಭಾಗವನ್ನು ಪಾಠ ಮಾಡುವಾಗ ತರಗತಿಯಲ್ಲಿ ಒಂದು ಪಿಸುಮಾತೂ ಕೇಳುವುದಿಲ್ಲ. ಏಕೆಂದರೆ ಅವಳು ನಿರಪರಾಧಿ ಎಂಬುದು ಓದುವ ನಮಗೆ ಗೊತ್ತು, ಅರಸನಿಗೆ ಗೊತ್ತಿಲ್ಲ. ಇಂದಿನ ಧಾರಾವಾಹಿ ನಮ್ಮನ್ನು ಅರಸನ ಸಿಂಹಾಸನದಲ್ಲಿ ಕೂರಿಸುತ್ತದೆ. ರಾಘವಾಂಕ ನಮ್ಮನ್ನು ಚಂದ್ರಮತಿಯ ಪಕ್ಕದಲ್ಲಿ ನಿಲ್ಲಿಸುತ್ತಾನೆ. ಎಂಟುನೂರು ವರ್ಷಗಳ ಹಿಂದಿನ ಕವಿಗೆ ತಿಳಿದಿದ್ದ ಈ ವಿವೇಕ ನಮ್ಮ ರಾತ್ರಿ ಒಂಬತ್ತರ ಕಂತಿಗೆ ಏಕೆ ಬೇಡವಾಯಿತು?

ಟಿ.ವಿ. ಆರಿಸಿಬಿಡಿ ಎಂದು ನಾವು ಹೇಳುವುದಿಲ್ಲ. ಆರಿಸಿದರೆ ಮಕ್ಕಳು ಮೊಬೈಲಿನಲ್ಲಿ ನೋಡುತ್ತಾರೆ. ಪೋಷಕರಲ್ಲಿ ನಮ್ಮ ಕೋರಿಕೆ ಇಷ್ಟೇ: ಜೊತೆಗೆ ಕುಳಿತು ನೋಡಿ, ನೋಡುವಾಗ ಮೂರು ಪ್ರಶ್ನೆ ಕೇಳಿ. ಇವನೇ ತಪ್ಪಿತಸ್ಥ ಎಂದು ನಮಗೆ ಯಾರು ಹೇಳಿದರು, ಸಾಕ್ಷ್ಯವೋ, ಸಂಗೀತವೋ? ಇವನು ಹೇಳುತ್ತಿರುವುದು ಸತ್ಯವಾದ್ದರಿಂದಲೋ, ನೋವು ನಿಲ್ಲಲಿ ಎಂದೋ? ಆ ಕುರ್ಚಿಯಲ್ಲಿ ನಮ್ಮ ಅಣ್ಣನೋ ತಮ್ಮನೋ ಕುಳಿತಿದ್ದರೆ? ಪರದೇಶದಲ್ಲಿ ಬದುಕುವ ನಮಗೆ ಮೂರನೆಯ ಪ್ರಶ್ನೆ ದೂರದ್ದಲ್ಲ. ಭಾಷೆ ಸರಿಯಾಗಿ ಬಾರದ ಊರಿನಲ್ಲಿ, ಗುರುತಿನ ಚೀಟಿಯೊಂದು ಕಳೆದುಹೋದ ದಿನ, ಎದುರಿಗಿರುವವರು ನಮ್ಮ ಮುಖ ನೋಡಿ ತೀರ್ಮಾನಿಸದೆ ನಮ್ಮ ಮಾತನ್ನು ಕೇಳಲಿ ಎಂದು ಬಯಸುವವರು ನಾವೇ ಅಲ್ಲವೇ?

ವಿದ್ಯಾರ್ಥಿ ಮಿತ್ರರಿಗೂ ಒಂದು ಕಿವಿಮಾತು. ತರಗತಿಯಲ್ಲಿ ಏನಾದರೂ ಕಳೆದರೆ ಮೊದಲು ಸೀಟಿನ ಕೆಳಗೆ ಹುಡುಕಿ. ಆಮೇಲೆ ಶಿಕ್ಷಕರಿಗೆ ತಿಳಿಸಿ. ಯಾರ ಮೇಲಾದರೂ ಅನುಮಾನ ಬಂದರೆ, ಅವರ ಮಾತನ್ನು ಪೂರ್ತಿ ಕೇಳಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಅಂಥದರಲ್ಲಿ, ಕಾಣದೇ ಇದ್ದದ್ದನ್ನು ಎಷ್ಟು ಪ್ರಮಾಣಿಸಿ ನೋಡಬೇಕು!